ಪೆಟ್ಟಿಗೆ ನಲವತ್ತೊಂದು

ಅರವತ್ತಮೂರು ರಟ್ಟಿನ ಪೆಟ್ಟಿಗೆ, ವ್ಯಾನಿನಲ್ಲಿ ಬಂದವು.
ಒಂದರ ಮೈಮೇಲೆ ಇನ್ನೂ ಬಾಳೆಹಣ್ಣಿನ ಚಿತ್ರ.
ಎಲ್ಸ್‌ಪೆತ್ ಗ್ಯಾರೋ ಹೋಗಿ ಆಗಲೇ ಎರಡು ಚಳಿಗಾಲ.
ಸೋದರಳಿಯ ಸಹಿ ಹಾಕಿದ, ಚಹಾ ಬೇಡವೆಂದ,
ಮನೆ ಮಾರುವ ಅವಸರ ಅವನಿಗೆ.

ಡಂಡಿಯಲ್ಲಿ ಅವಳ ಪುಸ್ತಕ ಓದದವರಿಲ್ಲ:
ತಿಮಿಂಗಿಲ ಬೇಟೆಯ ಹಡಗು 'ಸೇಂಟ್ ಬ್ರೈಡ್'
ಹಿಮದಲ್ಲಿ ಸಿಕ್ಕಿ ಹನ್ನೊಂದು ತಿಂಗಳು;
ಬಿಸ್ಕತ್ತು ಕದ್ದ ಅಡುಗೆಯವ
ಸಿಕ್ಕಿಬಿದ್ದ ರಾತ್ರಿ ಬಿಳುಪಿನೊಳಕ್ಕೆ ನಡೆದು ಹೋದದ್ದು,
ಒಮ್ಮೆ ಮಾತ್ರ ತಿರುಗಿ ನೋಡಿದ್ದು.
ಹತ್ತು ವರ್ಷದವನಿದ್ದಾಗ ಶಾಲೆಯ ನಾಟಕದಲ್ಲಿ
ನಾನೇ ಆ ಅಡುಗೆಯವ. ಜೇಬಿನ ತುಂಬ ಬಿಸ್ಕತ್ತು.
ತಿರುಗಿ ನೋಡಿದರೆ ಅಮ್ಮ ಕೈ ಬೀಸಿದಳು,
ಎಲ್ಲರೂ ನಕ್ಕರು.

ಈಗ ನನ್ನ ಕೆಲಸ ಗುಂಡುಸೂಜಿ ಕೀಳುವುದು.
ತುಕ್ಕಿಗೆ ಕಾಗದವೆಂದರೆ ಹಸಿವು.
ಆಮ್ಲವಿಲ್ಲದ ಕಡತ, ಮೆತ್ತನೆಯ ಪೆನ್ಸಿಲು, ತೊಳೆದು ಒರೆಸಿದ ಕೈ.
ಅವಳಿಟ್ಟ ಅನುಕ್ರಮ ಕೆಡಿಸಬಾರದು,
ಅದು ಅನುಕ್ರಮವೇ ಅಲ್ಲದಿದ್ದರೂ:
ದಿನಸಿ ಚೀಟಿಯ ಬೆನ್ನಿಗೆ ಈಟಿಯ ತೂಕ,
ಗ್ಯಾಸ್ ಬಿಲ್ಲಿನ ಬೆನ್ನಿಗೆ ಸತ್ತವರ ಹೆಸರು,
ಆರನೆಯ ಅಧ್ಯಾಯದ ಮೇಲೆ ಬೆಕ್ಕಿನ ಹೆಜ್ಜೆ.
ಬೆಕ್ಕನ್ನೂ ನಮೂದಿಸು, ಅನ್ನುತ್ತಾನೆ ಮರ್ಡೊ,
ತಲೆ ಎತ್ತದೆ.

ನಲವತ್ತೊಂದರಲ್ಲಿ ಒಂದು ಪತ್ರ, ಆರ್ಬ್ರೋತಿನಿಂದ.
ಗೆರೆಯ ಕಾಗದ, ಒತ್ತಿ ಬರೆದ ನೀಲಿ ಶಾಯಿ.
"ನನ್ನ ಅಜ್ಜ ಕದಿಯಲಿಲ್ಲ.
ಪಡಿಯ ಲೆಕ್ಕಪುಸ್ತಕ ನಮ್ಮ ಮನೆಯಲ್ಲಿದೆ,
ಬದುಕಿ ಬಂದವನೊಬ್ಬ ಅಜ್ಜಿಯ ಕೈಗೆ ಕೊಟ್ಟದ್ದು.
ಅಜ್ಜನ ಹೆಸರಿನ ಮುಂದೆ ಕೊನೆಯ ಒಂಬತ್ತು ದಿನವೂ ಸೊನ್ನೆ.
ತನ್ನ ಪಾಲನ್ನು ಯಾರಿಗೆ ಕೊಟ್ಟನೋ ಬರೆದಿಲ್ಲ.
ಒಮ್ಮೆ ಬಂದು ನೋಡಿ.
ಮಂಗಳವಾರ ಬಿಟ್ಟು ಎಲ್ಲ ದಿನ ಇರುತ್ತೇನೆ.
ಜೆಸ್ಸಿ ಕಿನ್‌ಲಾಕ್."

ಅದರ ಹಿಂದೆ ಉತ್ತರ. ಉತ್ತರವಲ್ಲ, ಕರಡು.
ಒಂದಲ್ಲ, ಏಳು.
ಮೊದಲನೆಯದು ಎರಡು ಪುಟ: ಕಪ್ತಾನನ ದಿನಚರಿಯೇ ನನಗೆ ಆಧಾರ, ಇತ್ಯಾದಿ.
ಮೂರನೆಯದು ಅರ್ಧ ಪುಟ, ಕಪ್ತಾನನಿಲ್ಲ.
ನಾಲ್ಕರಲ್ಲಿ 'ಬಹುಶಃ' ಎಂಬ ಮಾತು ಐದು ಸಲ.
ಐದರಲ್ಲಿ ಶ್ರೀಮತಿ ಕಿನ್‌ಲಾಕ್ ಅವರಿಗೆ,
ಅಲ್ಪವಿರಾಮ,
ಆಮೇಲೆ ಬರೀ ಕಾಗದ.

ನಾಲ್ಕಕ್ಕೂ ಐದಕ್ಕೂ ನಡುವೆ ಒಂದು ಬಸ್ಸಿನ ಟಿಕೆಟ್ಟು,
ಹೋಗಿಬರುವ ಟಿಕೆಟ್ಟು, ಎರಡೂ ಕಡೆ ತೂತು ಬಿದ್ದದ್ದು.
ಸಾವಿರದ ಒಂಬೈನೂರ ಎಪ್ಪತ್ತೆರಡು, ಮಾರ್ಚ್ ಹದಿನಾಲ್ಕು.
ಕೈಪುಸ್ತಕದಲ್ಲಿ ಅಂದು ಒಂದೇ ಸಾಲು:
ನೀಲಿ ಬಾಗಿಲು. ಎರಡು ಸಲ ತಟ್ಟಿದೆ. ಹೊಗೆಮೀನಿನ ವಾಸನೆ.

ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ,
ನೋಡಬೇಕಾದ ಕೆಲಸವಲ್ಲ ಅದು.
ಮಂಗಳವಾರ.

ಮರೆತು ಹೋದಳೋ,
ಮರೆಯದೆ ಹೋದಳೋ,
ವಿವರಣೆಯ ಅಂಕಣದಲ್ಲಿ ಅದಕ್ಕೆ ಜಾಗವಿಲ್ಲ.
'ಕರಡು ಪತ್ರಗಳು, ಏಳು, ಅಂಚೆಗೆ ಹಾಕದವು' ಎಂದು ಬರೆದೆ.
ಮರ್ಡೊ ಈ ಸಲ ತಲೆ ಎತ್ತಿದ.
ಹಾಕದವು ಅಂತ ನಿನಗೆ ಹೇಗೆ ಗೊತ್ತು?
ಹಾಕಿದ್ದು ಇಲ್ಲಿ ಯಾಕಿರುತ್ತೆ?

ಕೊನೆಯ ಎರಡು ಪದ ಅಳಿಸಿದೆ.

ಹದಿಮೂರನೆಯ ಮುದ್ರಣದಲ್ಲೂ ಅಡುಗೆಯವ ಕಳ್ಳನೇ.
ಕೆಳಗಿನ ಮಹಡಿಯಲ್ಲಿ ನಾಲ್ಕು ಪ್ರತಿ ಇವೆ,
ನಾಲ್ಕೂ ಯಾರ್ಯಾರದೋ ಮನೆಗೆ ಹೋಗಿವೆ.
ಆರ್ಬ್ರೋತಿನ ಯಾವ ಡ್ರಾಯರಿನಲ್ಲಿ
ಎಂಟನೆಯ ಕಾಗದವೊಂದು ಮಡಿಸಿ ಕೂತಿದೆಯೋ,
ಲೆಕ್ಕಪುಸ್ತಕದ ಪಕ್ಕದಲ್ಲಿ, ಸೊನ್ನೆಗಳ ಪಕ್ಕದಲ್ಲಿ,
ಇಲ್ಲ, ಕೂತೇ ಇಲ್ಲವೋ.

ಜೆಸ್ಸಿಯ ಪತ್ರಕ್ಕೂ ಮೊದಲ ಕರಡಿಗೂ
ಒಂದೇ ಗುಂಡುಸೂಜಿ ಇತ್ತು. ಕಿತ್ತೆ, ನಿಯಮ.
ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಸುತ್ತುವ ಮುನ್ನ
ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದೆ.
ಅಂಚಿಗೆ ಕಂದು ಹಿಡಿದ ಎರಡು ಸಣ್ಣ ತೂತು,
ಇನ್ನೂ ಸರಿಯಾಗಿ ಕೂಡುತ್ತವೆ,
ಆಚೆ ಟೇ ನದಿಯ ಬೆಳಕು ಕಾಣುವಷ್ಟು.